ಬೆರಳಿಗೆ ಶಾಯಿ, ನಲ್ಲಿಗೆ ಮೋಟಾರು

2024ರ ಏಪ್ರಿಲ್ 26. ಲೋಕಸಭಾ ಚುನಾವಣೆಗೆ ನಮ್ಮ ತುಮಕೂರಿನಲ್ಲಿ ಮತದಾನದ ದಿನ. ಹಿಂದಿನ ರಾತ್ರಿ ಬೆಂಗಳೂರಿನ ವಿಜಯನಗರದಿಂದ ಹೊರಟು, ಬಸ್ಸಿನಲ್ಲಿ ಸೀಟು ಸಿಗದೆ ತುಮಕೂರಿನವರೆಗೂ ನಿಂತುಕೊಂಡೇ ಬಂದಿದ್ದೆ. ಬೆಳಿಗ್ಗೆ ಏಳೂವರೆಗೆಲ್ಲ ಊರಿನ ಶಾಲೆಯಲ್ಲಿ ಸಾಲು ನಿಂತು ಮತ ಹಾಕಿದೆ. ಹೊರಗೆ ಬಂದವಳೇ ಶಾಯಿ ಹಚ್ಚಿದ ಬೆರಳಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಕೆಳಗೆ ‘ಜವಾಬ್ದಾರಿಯುತ ನಾಗರಿಕಳು’ ಎಂದೂ ಬರೆದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹೃದಯ, ಚಪ್ಪಾಳೆ ಎಲ್ಲ ಬಂದವು. ಹತ್ತು ಗಂಟೆ ಹೊತ್ತಿಗೆ, ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಗೆಳತಿಯಿಂದ ಉತ್ತರ ಬಂತು: ‘ಬೆರಳು ಚೆನ್ನಾಗೈತೆ ಕಣೆ. ಹಂಗೇ ನಿಮ್ಮನೆ ಮೋಟ್ರು ಒಂಚೂರು ಆಫ್ ಮಾಡ್ಸು.’

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾಗದವಳಂತೆ ಒಂದು ನಗುಮುಖ ಕಳಿಸಿ ಫೋನು ಮಗುಚಿಟ್ಟೆ.

ನಮ್ಮದು ತೆಂಗಿನ ಸೀಮೆ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಹೇಳಿತ್ತು. ಊರಿಗೆ ನೀರು ಕೊಡುತ್ತಿದ್ದ ಎರಡು ಕೊಳವೆಬಾವಿಗಳಲ್ಲಿ ಒಂದು ಫೆಬ್ರುವರಿಯಲ್ಲೇ ಬತ್ತಿತು. ಉಳಿದ ಒಂದರಿಂದ ಸಿಸ್ಟನ್ ತುಂಬಿಸಿ ದಿನ ಬಿಟ್ಟು ದಿನ ಬೆಳಿಗ್ಗೆ ಒಂದೂವರೆ ಗಂಟೆ ನೀರು ಬಿಡುತ್ತಿದ್ದರು. ಸಿಸ್ಟನ್ ಇರುವುದು ಊರಿನ ಮೇಲ್ಗಡೆ, ಶಾಲೆಯ ಹಿಂದೆ. ಅಲ್ಲಿಂದ ಪೈಪು ನಮ್ಮ ಬೀದಿಗೆ ಬಂದು, ಮಾರಮ್ಮನ ಗುಡಿ ದಾಟಿ, ಕಡೆಗೆ ಕಾಲೊನಿಗೆ ಇಳಿಯುತ್ತದೆ. ಕಾಲೊನಿ ಎಂದರೆ ಪರಿಶಿಷ್ಟ ಜಾತಿಯವರ ಮೂವತ್ತೆರಡು ಮನೆಗಳು. ಗೆಳತಿಯ ಮನೆ ಅದರಲ್ಲೂ ಕೊನೆಯ ಸಾಲಿನಲ್ಲಿದೆ. ಪೈಪಿನ ಕೊನೆ ಎಂದರೂ ಅದೇ, ಊರಿನ ಕೊನೆ ಎಂದರೂ ಅದೇ.

‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಎಲ್ಲರ ಮನೆಗೂ ನಲ್ಲಿ ಬಂದಿತ್ತು. ನೀರು ಮಾತ್ರ ಎಲ್ಲರ ಮನೆಗೂ ಬರುತ್ತಿರಲಿಲ್ಲ. ನಮ್ಮ ಬೀದಿಯ ಏಳು ಮನೆಗಳವರು ನಲ್ಲಿಯ ಪೈಪಿಗೆ ನೇರವಾಗಿ ಅರ್ಧ ಎಚ್‌ಪಿ ಮೋಟಾರು ಕೂರಿಸಿಕೊಂಡಿದ್ದರು. ನೀರು ಬಿಟ್ಟ ಸದ್ದು ಕೇಳಿದ ಕೂಡಲೇ ಸ್ವಿಚ್ ಒತ್ತಿದರೆ ಇಪ್ಪತ್ತೇ ನಿಮಿಷದಲ್ಲಿ ಸಂಪು ತುಂಬುತ್ತಿತ್ತು. ನಮ್ಮ ಮನೆಯದು ಹಿತ್ತಿಲಿನಲ್ಲಿತ್ತು. ಮೇಲೊಂದು ಪ್ಲಾಸ್ಟಿಕ್ ಬುಟ್ಟಿ ಮಗುಚಿ, ಅದರ ಮೇಲೆ ಗೋಣಿಚೀಲ ಹೊದಿಸಿರುತ್ತಿದ್ದೆವು. ಯಾರ ಕಣ್ಣಿಗೂ ಬೀಳದಿರಲಿ ಎಂದು ಮುಚ್ಚಿದ್ದೇ ಹೊರತು ಬಿಸಿಲಿಗೆ ಹಾಳಾಗುತ್ತದೆಂದಲ್ಲ. ಅದು ತಪ್ಪೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು ಎನ್ನುವುದಕ್ಕೆ ಆ ಗೋಣಿಚೀಲವೇ ಸಾಕ್ಷಿ.

ನನ್ನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಾನು ವಿಜಯನಗರದ ಕೋಣೆಯೊಂದರಲ್ಲಿ ಇನ್ನು ಮೂವರ ಜೊತೆಗಿದ್ದುಕೊಂಡು ಪಿಡಿಒ ಪರೀಕ್ಷೆಗೆ ಓದುತ್ತಿದ್ದವಳು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಕುಡಿಯುವ ನೀರು ಅದರಲ್ಲಿ 11ನೆಯದು. ಇದೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನದ ಪೀಠಿಕೆ ಓದಿಸಿದರಲ್ಲ, ಆವತ್ತು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಜೋರಾಗಿ ಓದಿ, ಪ್ರಮಾಣಪತ್ರವನ್ನೂ ಇಳಿಸಿಕೊಂಡಿದ್ದೆ. ‘ಭ್ರಾತೃತ್ವ’ ಎಂಬ ಪದದ ಉಚ್ಚಾರಣೆ ತಪ್ಪದ ಹಾಗೆ ಎರಡು ಸಲ ಅಭ್ಯಾಸ ಮಾಡಿಕೊಂಡಿದ್ದೆ. ಆದರೆ ನಮ್ಮೂರಿನ ಒಂದೇ ಒಂದು ವಾರ್ಡ್ ಸಭೆಗೂ ನಾನು ಹೋಗಿರಲಿಲ್ಲ.

ಭಾನುವಾರ ಗೆಳತಿಗೆ ರಜೆ. ಉಳಿದ ಆರು ದಿನ ಅವಳು ಬೆಳಿಗ್ಗೆ ಐದೂಮುಕ್ಕಾಲಿಗೆ ಊರ ಬಾಗಿಲಿಗೆ ಬರುವ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಆ ಭಾನುವಾರ ನೀರು ಬಿಡುವ ದಿನವೂ ಆಗಿತ್ತು. ಬೆಂಗಳೂರಿಗೆ ಹೊರಡುವುದನ್ನು ಮಧ್ಯಾಹ್ನಕ್ಕೆ ಹಾಕಿ ಬೆಳಿಗ್ಗೆ ಆರಕ್ಕೇ ಅವಳ ಮನೆಗೆ ಹೋದೆ. ಕಾಲೊನಿಯ ಹೆಂಗಸರೆಲ್ಲ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದರು. ನಲ್ಲಿಗಳನ್ನು ಅರ್ಧ ಮೊಳ ಆಳದ ಗುಂಡಿ ತೋಡಿ ಕೆಳಕ್ಕೆ ಇಳಿಸಿಕೊಂಡಿದ್ದರು. ತಗ್ಗಿದಷ್ಟೂ ನೀರು ಬರುತ್ತದೆಂಬ ಆಸೆ. ಆರೂ ಹತ್ತಕ್ಕೆ ನಲ್ಲಿ ಗೊರಗೊರ ಎಂದಿತು. ಒಂದು ಎಳೆ ನೀರು ಬಂತು, ಬಿಂದಿಗೆಯ ತಳ ಮುಚ್ಚುವಷ್ಟರಲ್ಲಿ ನಿಂತಿತು.

‘ಈಗ ನಿಮ್ ಬೀದಿ ಮೋಟ್ರು ಶುರುವಾದ್ವು’ ಎಂದಳು ಗೆಳತಿ. ‘ನಂಬಿಕೆ ಇಲ್ದಿದ್ರೆ ಕೈ ಇಡು.’

ನಲ್ಲಿಯ ಬಾಯಿಗೆ ಅಂಗೈ ಇಟ್ಟೆ. ನಲ್ಲಿ ನನ್ನ ಅಂಗೈಯನ್ನು ಒಳಕ್ಕೆ ಎಳೆಯಿತು. ನೀರು ಕೊಡಬೇಕಾದ ನಲ್ಲಿ ಗಾಳಿ ಕುಡಿಯುತ್ತಿತ್ತು. ಅತ್ತ ಮೋಟಾರು ಜಗ್ಗಿದಾಗ ಇತ್ತ ಪೈಪು ಖಾಲಿಯಾಗಿ ಹೀಗಾಗುತ್ತದೆ. ಜಾಯಿಂಟು ಎಲ್ಲಾದರೂ ಸೀಳಿದ್ದರೆ ಪಕ್ಕದ ಚರಂಡಿಯ ನೀರನ್ನೂ ಪೈಪು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಬರುವ ಮೊದಲ ಬಿಂದಿಗೆ ಅದೇ. ‘ಮೊದಲ್ನೇದು ನಾವು ಪಾತ್ರೆಗೆ ಇಟ್ಕೊತೀವಿ, ಕುಡಿಯೋಕಲ್ಲ’ ಎಂದಳು ಅವಳ ಅಮ್ಮ. ನನ್ನನ್ನು ಅವರು ‘ಬನ್ನಿ, ಕೂತ್ಕೊಳ್ಳಿ’ ಎಂದು ಬಹುವಚನದಲ್ಲೇ ಮಾತಾಡಿಸುತ್ತಾರೆ. ಅವರಿಗೆ ನನ್ನ ಅಮ್ಮನಿಗಿಂತ ಹೆಚ್ಚು ವಯಸ್ಸಾಗಿದೆ. ನಮ್ಮ ಮನೆಯಲ್ಲಿ ಅವರನ್ನು ಎಲ್ಲರೂ ಹೆಸರು ಹಿಡಿದು ‘ಬಾರೇ’ ಎನ್ನುತ್ತಾರೆ. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಲೆಕ್ಕ ಹಾಕಿದೆವು. ಯೋಜನೆಯ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಅವರ ಮನೆಯಲ್ಲಿ ಐದು ಜನ, ಅಂದರೆ 275 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹದಿನೆಂಟು. ಆವತ್ತು ಒಂದೂವರೆ ಗಂಟೆ ಕೂತು ಅವರಿಗೆ ಸಿಕ್ಕಿದ್ದು ನಾಲ್ಕು. ಅದೂ ಎರಡು ದಿನಕ್ಕೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಸೌದೆ ಹೊರುವುದಕ್ಕೆ ಮೊದಲು ಹೋಗುವವರು. ಅವರು ಕೂಗಾಡಲಿಲ್ಲ, ಒಂದು ಪ್ರಶ್ನೆ ಕೇಳಿದರು: ‘ನಾವು ತೆಗೆದ್ರೆ ಕಾಲೊನಿಗೆ ನೀರು ಹೋಗ್ತದಾ? ಪಕ್ಕದ ಮನೆಯೋರ ಸಂಪು ಇನ್ನೊಂದೈದು ನಿಮಿಷ ಮುಂಚೆ ತುಂಬ್ತದೆ, ಅಷ್ಟೆ. ಆರು ಜನ ಇಟ್ಕೊಂಡು ನಾವೊಬ್ರು ತೆಗೆದ್ರೆ ನಾವು ದಡ್ಡರು.’

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಮೊದಲನೆಯವರು ಹಾಕಿದಾಗ ಎರಡನೆಯವರ ನಲ್ಲಿ ಸಣ್ಣಗಾಯಿತು, ಅದಕ್ಕೇ ಎರಡನೆಯವರು ಹಾಕಿದರು. ನಾವು ನಾಲ್ಕನೆಯವರು. ಏಳೂ ಮನೆಯವರು ಒಬ್ಬರಿಗೊಬ್ಬರು ಹೆದರಿ ಮೋಟಾರು ಇಟ್ಟುಕೊಂಡಿದ್ದರು. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರದ್ದೂ ನ್ಯಾಯವೇ. ಒಟ್ಟಾಗಿ ನೋಡಿದರೆ ಮೂವತ್ತೆರಡು ಮನೆಗೆ ನೀರಿಲ್ಲ. ಇಂಥದ್ದನ್ನು ಒಬ್ಬರ ಒಳ್ಳೆಯತನದಿಂದ ಬಿಡಿಸುವುದಕ್ಕೆ ಆಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ನಮ್ಮ ಮಾತು ಕೇಳಿಸಿಕೊಳ್ಳುತ್ತ ಕೂತಿದ್ದ ಅಜ್ಜಿ ತಮ್ಮ ಕಾಲದ್ದನ್ನು ತೆಗೆದರು. ಆಗ ಹೀಗಿರಲಿಲ್ಲವಂತೆ. ರಾಗಿ ಕಳೆ ಕೀಳುವಾಗ, ಕುಯ್ಲಿನಲ್ಲಿ ಎಲ್ಲ ಮುಯ್ಯಾಳಿನಲ್ಲೇ ನಡೆಯುತ್ತಿತ್ತು. ಇವತ್ತು ನಮ್ಮ ಹೊಲಕ್ಕೆ ಹತ್ತು ಜನ ಬಂದರೆ ನಾಳೆ ಆ ಹತ್ತು ಮನೆಗೂ ನಮ್ಮ ಮನೆಯಿಂದ ಒಬ್ಬೊಬ್ಬರು ಹೋಗಬೇಕು. ದುಡ್ಡಿನ ಮಾತೇ ಇಲ್ಲ. ಕೆರೆಯ ಹೂಳು ಎತ್ತುವುದಕ್ಕೂ ಮನೆಗೊಂದಾಳು. ಬಾರದಿದ್ದವರ ಮನೆಗೆ ಮದುವೆಯಲ್ಲಿ ಚಪ್ಪರ ಹಾಕುವುದಕ್ಕೆ ಯಾರೂ ಹೋಗುತ್ತಿರಲಿಲ್ಲ.

ನನಗೆ ಬಹಳ ಖುಷಿಯಾಯಿತು. ಇಂಥ ಲೇಖನಗಳಲ್ಲಿ ಅಜ್ಜಿಯರು ಹೇಳುವುದು ಇದನ್ನೇ ಅಲ್ಲವೇ? ಸುಮ್ಮನಿರದೆ ಇನ್ನೊಂದು ಪ್ರಶ್ನೆ ಕೇಳಿದೆ: ‘ಕಾಲೊನಿಯೋರೂ ಮುಯ್ಯಾಳಿಗೆ ಬರ್ತಿದ್ರಾ ಅಜ್ಜಿ?’

‘ಅವರ್‍ಯಾಕೆ ಬತ್ತಾರೆ? ಅವರು ಕೂಲಿಗೆ ಬರೋರು. ಮುಯ್ಯಿ ಅಂದ್ರೆ ಸರೀಕರ ಮಧ್ಯೆ ಕಣಮ್ಮ. ನಾವು ಅವರ ಹೊಲಕ್ಕೆ ಹೋಗಿ ಕಳೆ ಕೀಳಕ್ಕಾಯ್ತದಾ?’

ಅಜ್ಜಿ ಇದನ್ನು ಯಾವ ಮುಚ್ಚುಮರೆಯೂ ಇಲ್ಲದೆ, ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆ ಎನ್ನುವಷ್ಟು ಸಹಜವಾಗಿ ಹೇಳಿದರು. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ಅವರ ಕಾಲದಲ್ಲಿ ನಮ್ಮೂರಿಗೂ ಕೈಪಂಪು ಬಂತು. ಅದು ಮಾರಮ್ಮನ ಗುಡಿ ಮುಂದೆ ಕೂತಿತು. ಅದರ ಹಿಡಿಯನ್ನು ಕಾಲೊನಿಯವರು ಮುಟ್ಟುವ ಹಾಗಿರಲಿಲ್ಲ. ಬೇರೆ ಯಾರಾದರೂ ಒತ್ತಿ ಕೊಟ್ಟರೆ ಹಿಡಿದುಕೊಂಡು ಹೋಗಬೇಕಿತ್ತು. ಆಮೇಲೆ ಅವರಿಗೇ ಬೇರೆ ಪಂಪು ಹಾಕಿಸಿದರು ಎಂದು ಅಜ್ಜಿಯೇ ಹೇಳಿದರು. ಮಹಾಡದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಿದ್ದು 1927ರ ಮಾರ್ಚ್ 20. ಇದು ನನಗೆ ಒಂದು ಅಂಕದ ಪ್ರಶ್ನೆಯಾಗಿತ್ತು. ನಮ್ಮದೇ ಗುಡಿಯ ಮುಂದೆ, ನನ್ನದೇ ಅಜ್ಜಿಯ ಕಣ್ಣೆದುರು ಅದೇ ಕಥೆ ಆರು ದಶಕ ಬಿಟ್ಟು ನಡೆದಿತ್ತೆಂದು ಯಾವ ಗೈಡಿನಲ್ಲೂ ಇರಲಿಲ್ಲ. ಈಗ ಮುಟ್ಟಬೇಡಿ ಎಂದು ಯಾರೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಮೋಟಾರು ಇದೆಯಲ್ಲ.

ಬೆಂಗಳೂರಿಗೆ ವಾಪಸಾಗುವಾಗ ಬಸ್ಸಿನಲ್ಲಿ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಹಳೆಯ ಕಾಲದ ಒಗ್ಗಟ್ಟು ಹೋಯಿತು ಎಂದು ನಾವು ಅಳುತ್ತೇವೆ. ಆ ಒಗ್ಗಟ್ಟಿಗೆ ಬೇಲಿಯಿತ್ತು. ನನಗೆ ಯಾರು ವಾಪಸು ಕೊಡಬಲ್ಲರೋ ಅವರಿಗೆ ಮಾತ್ರ ನಾನು ಕೊಡುತ್ತೇನೆ ಎಂಬುದು ಮುಯ್ಯಿ. ನೆಂಟನಲ್ಲದ, ಸರೀಕನಲ್ಲದ, ನನಗೇನೂ ವಾಪಸು ಕೊಡಲಾಗದ ಪೈಪಿನ ಕೊನೆಯವರ ಜೊತೆಗೂ ಅಂಥದ್ದೇ ಲೆಕ್ಕ ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಹಳೆಯ ಪದವಿಲ್ಲ. ನಾಗರಿಕ ಎನ್ನುವುದು ಅದಕ್ಕೇ ಹೊಸ ಪದ. ಅದನ್ನು ನಾನು ಬೆರಳಿನ ಫೋಟೊಗೆ ಖರ್ಚು ಮಾಡಿದ್ದೆ.

ಮೇ ತಿಂಗಳಲ್ಲಿ ಕಾಲೊನಿಯವರು ಪಂಚಾಯ್ತಿಗೆ ಎರಡು ಸಲ ಹೋದರು. ಎರಡು ಸಲ ಟ್ಯಾಂಕರ್ ಬಂತು, ನಿಂತಿತು. ಜೂನ್‌ನಲ್ಲಿ ಮಳೆ ಬಂತು. ಆದರೆ ಮಳೆ ಬಂದ ವಾರಕ್ಕೆಲ್ಲ ಕೊಳವೆಬಾವಿ ತುಂಬುವುದಿಲ್ಲ. ಜುಲೈನಲ್ಲಿ ವಾರ್ಡ್ ಸಭೆ ಇದೆ ಎಂದು ಗೆಳತಿಯೇ ತಿಳಿಸಿದಳು. ಅವಳಿಗೆ ರಜೆ ಸಿಗುವುದಿಲ್ಲ. ‘ನೀನು ಬತ್ತೀಯಾ?’ ಎಂದು ಕೇಳಿದಳು. ಹಿಂದಿನ ದಿನವೇ ಹೋದೆ.

ಸಭೆಗೆ ಮೊದಲು ಒಂದು ತಮಾಷೆಯಾಯಿತು. ವಾರ್ಡ್ ಸಭೆಯ ಕೋರಂ ಮತದಾರರ ಹತ್ತರಲ್ಲೊಂದು ಪಾಲು ಅಥವಾ 20 ಮಂದಿ, ಯಾವುದು ಕಡಿಮೆಯೋ ಅದು ಎಂದು ಬಾಯಿಪಾಠ ಮಾಡಿದ್ದೆನಲ್ಲ. ಹಳೆಯ ಹಾಜರಿ ಪುಸ್ತಕ ತಿರುವಿ ನೋಡಿದೆ. ಹಿಂದಿನ ಸಭೆಯಲ್ಲಿ ಇಪ್ಪತ್ತಮೂರು ಜನರಿದ್ದರು. ಹದಿನೇಳನೆಯ ಹೆಸರು ನನ್ನದೇ. ಎದುರಿಗೆ ಸಹಿ, ಅಮ್ಮನ ಕೈಬರಹ. ಪುಸ್ತಕ ಮನೆಮನೆಗೆ ಬರುತ್ತಿತ್ತಂತೆ. ‘ನಿಮ್ ಹುಡುಗೀದೂ ಹಾಕಮ್ಮ’ ಎಂದಾಗ ಅಮ್ಮ ಹಾಕಿದ್ದಾರೆ. ನಡೆಯದ ಸಭೆಯಲ್ಲಿ ನಾನು ಇಲ್ಲದೆಯೇ ಹಾಜರಿದ್ದೆ. ಕೋರಂ ಭರ್ತಿಯಾಗಿತ್ತು.

ಈ ಸಲ ಶಾಲೆಯ ಜಗಲಿಯಲ್ಲಿ ನಿಜವಾಗಿಯೂ ಮೂವತ್ತು ಜನ ಸೇರಿದ್ದರು. ಕಾಲೊನಿಯಿಂದ ಬಂದವರು ಒಂಬತ್ತು ಮಂದಿ, ಎಲ್ಲ ಹೆಂಗಸರು. ಅವರು ಜಗಲಿ ಹತ್ತದೆ ಕೆಳಗೆ ಬೇವಿನ ಮರದ ನೆರಳಿನಲ್ಲಿ ನಿಂತಿದ್ದರು. ಮನೆಗಳ ಪಟ್ಟಿ, ನರೇಗಾ ಕಾಮಗಾರಿ, ಬೀದಿ ದೀಪ ಎಲ್ಲ ಮುಗಿಯಿತು. ನೀರಿನ ಮಾತು ಬಂದಾಗ ಗೆಳತಿಯ ಅಮ್ಮ ‘ನಮ್ಗೆ ನೀರು ಬರಾಕಿಲ್ಲ ಸ್ವಾಮಿ’ ಎಂದರು. ಯಾಕೆ ಬರುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಹೇಳಿದರೆ ನಾಳೆ ಅದೇ ಏಳು ಮನೆಗಳ ತೋಟಕ್ಕೆ ಕೂಲಿಗೆ ಹೋಗಬೇಕಲ್ಲ. ಕರೆಂಟಿನ ವೋಲ್ಟೇಜು ಕಡಿಮೆ ಎಂದು ಒಬ್ಬರೆಂದರು, ಪೈಪು ಸಣ್ಣದು ಎಂದು ಇನ್ನೊಬ್ಬರು. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು.

ನಾನು ಎದ್ದು ನಿಂತೆ. ಇಪ್ಪತ್ತಮೂರು ವರ್ಷದಲ್ಲಿ ಊರಿನವರ ಎದುರು ಮಾತಾಡಿದ್ದು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮಾತ್ರ. ತಯಾರಿ ಮಾಡಿಕೊಂಡಿದ್ದ ಕಾಯ್ದೆಯ ಮಾತುಗಳೆಲ್ಲ ಮರೆತುಹೋದವು. ‘ನಮ್ಮ ಬೀದೀಲಿ ನಲ್ಲಿಗೆ ಮೋಟಾರು ಹಾಕಿದ್ದೀವಿ. ನಮ್ಮನೇಲೂ ಇದೆ. ಅದಕ್ಕೆ ಅವರಿಗೆ ನೀರು ಹೋಗಲ್ಲ’ ಎಂದು ಕೂತುಬಿಟ್ಟೆ.

ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಪ್ಪ ಅಲ್ಲೇ ‘ಓದ್ಸಿದ್ದು ಮನೆ ಮಾನ ಕಳೆಯಾಕಾ?’ ಎಂದು ಅಪ್ಪನನ್ನು ಕೇಳಿದರು. ‘ಮೊದ್ಲು ನಿಮ್ಮನೇದು ಕಿತ್ತಾಕಮ್ಮ, ಆಮೇಲೆ ಊರಿಗೆ ಬುದ್ಧಿ ಹೇಳು’ ಎಂದು ಇನ್ನೊಬ್ಬರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗಲಾಟೆಯ ನಡುವೆ ದಾರಿ ತೋರಿಸಿದವರು ನೀರುಗಂಟಿ. ಬೆಳಗಾದರೆ ಎಲ್ಲರ ಬಾಯಲ್ಲೂ ಬೈಸಿಕೊಳ್ಳುವ ಮನುಷ್ಯ ಅವರು. ಗುಡಿಯ ಹತ್ತಿರ ಮೊದಲೊಂದು ಗೇಟ್‌ವಾಲ್ವ್ ಇತ್ತು, ಕೆಟ್ಟು ಮೂರು ವರ್ಷವಾಯಿತು, ಅದನ್ನು ಹಾಕಿಸಿಕೊಟ್ಟು ನಮ್ಮ ಬೀದಿ ಶುರುವಾಗುವಲ್ಲಿ ಇನ್ನೊಂದು ಕೂರಿಸಿದರೆ, ಕೆಳಗಿನವರಿಗೆ ಮೊದಲ ಮುಕ್ಕಾಲು ಗಂಟೆ, ಮೇಲಿನವರಿಗೆ ಆಮೇಲೆ ಮುಕ್ಕಾಲು ಗಂಟೆ ಪಾಳಿಯಲ್ಲಿ ಬಿಡಬಹುದು ಎಂದರು. ‘ಆದ್ರೆ ಮೋಟ್ರು ಇದ್ರೆ ಕೊನೆ ಮನೆ ಯಾವತ್ತಿದ್ರೂ ಒಣಗೋದೇಯ’ ಎಂದೂ ಸೇರಿಸಿದರು. ಎರಡು ವಾಲ್ವ್ ಹಾಕಿಸುವುದು, ಹದಿನೈದು ದಿನದಲ್ಲಿ ಮೋಟಾರು ತೆಗೆಯುವುದು ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಅದರ ಕೆಳಗೆ ನಾನೇ ಸಹಿ ಹಾಕಿದೆ. ಅಮ್ಮ ಹಾಕಿದ್ದ ಸಹಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ.

ಹದಿನೈದು ದಿನ ಕಳೆದರೂ ನಮ್ಮ ಮನೆಯ ಮೋಟಾರು ಅಲ್ಲೇ ಇತ್ತು. ಅಪ್ಪ ನನ್ನ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಅದನ್ನು ತೆಗೆದದ್ದು ಅಮ್ಮ. ಒಂದು ಮಧ್ಯಾಹ್ನ ಪ್ಲಂಬರ್ ಹುಡುಗನನ್ನು ಕರೆಸಿ ಬಿಚ್ಚಿಸಿ, ತವರಿನಲ್ಲಿ ಹಸುವಿನ ಕೊಟ್ಟಿಗೆ ತೊಳೆಯುವುದಕ್ಕೆ ಬೇಕಾಗಿತ್ತೆಂದು ಮಾವನ ಬೈಕಿಗೆ ಕಟ್ಟಿ ಕಳಿಸಿದರಂತೆ. ಅಪ್ಪ ಎರಡು ದಿನ ಮಾತು ಬಿಟ್ಟರಂತೆ. ಯಾಕಮ್ಮ ಹಾಗೆ ಮಾಡಿದೆ ಎಂದು ಕೇಳಿದರೆ ಅಮ್ಮ ಸಂವಿಧಾನವನ್ನೇನೂ ಹೇಳಲಿಲ್ಲ. ‘ಆವತ್ತು ಸಭೇಲಿ ಅವಳು ಮರದ ಕೆಳಗೆ ನಿಂತಿದ್ಲಲ್ಲ, ಕಾಲು ನೋವಂತೆ ಅವಳಿಗೆ. ಗಂಟೆಗಟ್ಲೆ ನಿಂತಿದ್ಲು’ ಎಂದರು.

ಈಗ ಏಳರಲ್ಲಿ ಐದು ಮೋಟಾರು ಹೋಗಿವೆ. ಒಂದು ರಾತ್ರಿ ಮಾತ್ರ ಓಡುತ್ತದೆ ಎನ್ನುತ್ತಾರೆ, ಇನ್ನೊಂದು ದೊಡ್ಡಪ್ಪನದು. ಅವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಗೌರಿ ಹಬ್ಬಕ್ಕೆ ಅವರ ಮನೆಯಿಂದ ಪ್ರತಿವರ್ಷ ಬರುತ್ತಿದ್ದ ಹೋಳಿಗೆಯೂ ಬರಲಿಲ್ಲ. ಅದರ ಬೇಜಾರು ಇಲ್ಲ ಎಂದರೆ ಸುಳ್ಳಾದೀತು. ನಮ್ಮ ಸಂಪು ಅರ್ಧ ತುಂಬುತ್ತದೆ. ತೆಂಗಿನ ಸಸಿಗಳಿಗೆ ಸಂಪಿನಿಂದ ಹಾಕುತ್ತಿದ್ದ ನೀರನ್ನು ನಿಲ್ಲಿಸಿದ್ದೇವೆ, ಎರಡು ಸಸಿ ಒಣಗಿದವು. ಗೆಳತಿಯ ಮನೆಗೆ ಹದಿನೆಂಟು ಬಿಂದಿಗೆ ಇನ್ನೂ ಸಿಗುವುದಿಲ್ಲ, ಒಳ್ಳೆಯ ದಿನ ಹನ್ನೊಂದು ಸಿಗುತ್ತದೆ. ನೀರು ಬಿಡುವ ದಿನ ಬಸ್ಸಿನಿಂದ ಒಂದು ಸಂಖ್ಯೆ ಮಾತ್ರ ಕಳಿಸುತ್ತಾಳೆ. ‘9.’ ‘11.’ ಒಂದು ದಿನ ‘3’ ಎಂದು ಬಂದಿತ್ತು. ಆವತ್ತು ವಿಜಯನಗರದ ಕೋಣೆಯಲ್ಲಿ ಏನು ಓದಿದರೂ ತಲೆಗೆ ಹೋಗಲಿಲ್ಲ. ಸಂಜೆ ನೀರುಗಂಟಿಗೆ ಫೋನ್ ಮಾಡಿದರೆ, ಪೈಪು ಒಡೆದಿತ್ತು, ಸರಿ ಮಾಡಿದೆವು ಎಂದರು.

ಹೊಸ ವರ್ಷದ ಹೊತ್ತಿಗೆ ಊರಿಗೆ ಹೋಗಿದ್ದಾಗ ಹಾಜರಿ ಪುಸ್ತಕ ಮತ್ತೆ ಮನೆ ಬಾಗಿಲಿಗೆ ಬಂತು. ಪುಸ್ತಕ ತಂದವನು ಪೆನ್ನಿನ ಮುಚ್ಚಳವನ್ನೂ ತೆಗೆದು ಕೊಟ್ಟ. ಅಮ್ಮ ಕೈ ಒರೆಸಿಕೊಂಡು ಪುಟ ನೋಡಿದರು.

‘ಸಭೆ ಯಾವತ್ತಪ್ಪ?’

‘ಗುರುವಾರ ಅಂತ ಬರ್ಕೊಂಡಿದೀವಿ ಕಣಕ್ಕ.’

‘ಗುರುವಾರ ಕಾಯಿ ಕೀಳ್ಸೋದೈತೆ. ಶುಕ್ರವಾರ ಇಟ್ಕೊಳ್ಳಾಕೆ ಹೇಳು, ಬತ್ತೀವಿ.’

ಅವನು ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿಕೊಂಡು ಪಕ್ಕದ ಮನೆಯ ಕಡೆ ನಡೆದ.